ಮಗುವಿನ ಭೇದಿ: ರೋಟಾವೈರಸ್ಸಾ? ಕಿಟ್ ಹೇಳುತ್ತದೆ

ಮಗುವಿಗೆ ನೀರಿನಂಥ ಭೇದಿ, ಜೊತೆಗೆ ವಾಂತಿ, ಜ್ವರ. ಇದು ರೋಟಾವೈರಸ್ಸಾ? ಸುಮಾರು 15 ನಿಮಿಷದಲ್ಲಿ ತಿಳಿಸುವ ಕಿಟ್ ಇದೆ.

ಚೂರು ಮಲವನ್ನು ದ್ರಾವಣದಲ್ಲಿ ಕಲಸಿ, ಕೆಲವು ಹನಿ ಕಿಟ್‌ಗೆ ಬಿಡುತ್ತಾರೆ. ಅದರೊಳಗಿನ ಪಟ್ಟಿಯಲ್ಲಿ ಬಣ್ಣದ ಕಣ ಅಂಟಿಸಿಕೊಂಡ ಪ್ರತಿಕಾಯಗಳು ಕಾದಿರುತ್ತವೆ. ವೈರಸ್ಸಿನ ವಿಪಿ6 ಎಂಬ ಪ್ರೋಟೀನ್ ಸಿಕ್ಕರೆ ಅದನ್ನು ಹಿಡಿದುಕೊಂಡೇ ಮುಂದೆ ಹರಿದು, ಕಿಟ್ ಮೇಲೆ ‘ಟಿ’ ಎಂದು ಬರೆದ ಜಾಗದ ಹತ್ತಿರ ಸಿಕ್ಕಿಬೀಳುತ್ತವೆ. ಅಲ್ಲಿ ಗೆರೆ ಮೂಡುತ್ತದೆ. ‘ಸಿ’ ಎಂದು ಬರೆದ ಕಡೆ ಮಾತ್ರ ಗೆರೆ ಯಾವಾಗಲೂ ಬರಲೇಬೇಕು. ಬರದಿದ್ದರೆ ಆ ಪರೀಕ್ಷೆ ಲೆಕ್ಕಕ್ಕಿಲ್ಲ, ಹೊಸ ಕಿಟ್ ಬೇಕು.

ಎರಡೂ ಗೆರೆ ಬಂತಾ? ರೋಟಾವೈರಸ್ ಇದೆ. ವೈರಸ್ಸಿಗೆ ಆಂಟಿಬಯಾಟಿಕ್ ನಾಟುವುದಿಲ್ಲ. ಬೇಡದ ಆ ಔಷಧ ಮಗುವಿನ ಹೊಟ್ಟೆ ಸೇರದಂತೆ ತಡೆಯುವುದೇ ಈ ಪರೀಕ್ಷೆಯ ನಿಜವಾದ ಉಪಕಾರ ಅಂತ ನನಗನ್ನಿಸುತ್ತದೆ. ವಾರ್ಡಿನ ಬೇರೆ ಮಕ್ಕಳಿಗೆ ಹರಡದಂತೆ ಎಚ್ಚರ ವಹಿಸುವುದಕ್ಕೂ ಆಗುತ್ತದೆ.

‘ಸಿ’ ಒಂದೇ ಬಂದರೆ? ವೈರಸ್ಸೇ ಇಲ್ಲ ಅಂತಲ್ಲ. ನೋರೋವೈರಸ್ ಇರಬಹುದು, ಅದಕ್ಕೆ ಬೇರೆ ಪರೀಕ್ಷೆ.

ಆದರೆ ದಯವಿಟ್ಟು, ರಿಪೋರ್ಟ್ ಬರಲಿ ಅಂತ ಕಾಯಬೇಡಿ. ಓಆರ್‌ಎಸ್ ಈಗಲೇ ಶುರು ಮಾಡಿ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ. ಗುಟುಕು ಗುಟುಕಾಗಿ ಕುಡಿಸಿ. ಎದೆಹಾಲು ನಿಲ್ಲಿಸಬೇಡಿ. ಜಿಂಕ್ ಎಷ್ಟು ಅಂತ ಡಾಕ್ಟರನ್ನು ಕೇಳಿ. ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ತಕ್ಷಣ ಆಸ್ಪತ್ರೆಗೆ ಓಡಿ.

ಮನೆಯಲ್ಲಿ ಎಳೆಗೂಸಿದೆಯಾ? 6, 10, 14ನೇ ವಾರದ ರೋಟಾವೈರಸ್ ಲಸಿಕೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಬಾಯಿಗೆ ಹಾಕುತ್ತಾರೆ, ಸೂಜಿ ಇಲ್ಲ.