ಆನೆಯ ಅಳತೆಗೆ ತಕ್ಕ ಬೇಲಿ

ರಾಗಿ ತೆನೆಗಟ್ಟುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಆನೆ ಹಿಂಡುಗಳು ಜವಳಗಿರಿ ಕಾಡಿಗೆ ಬರುತ್ತವೆ. ಅಲ್ಲಿಂದ ತಳಿ, ಡೆಂಕಣಿಕೋಟೆ ಸುತ್ತಿನ ಹೊಲಗಳು ದೂರವಿಲ್ಲ. ಇಲ್ಲಿ ಬೇಲಿ ಹೇಗಿರಬೇಕೆಂದು ತೀರ್ಮಾನಿಸುವುದು ಆನೆಯ ಮೈಕಟ್ಟು ಮತ್ತು ನೆಲದ ಗುಣ.

ಮೂರು ನಾಲ್ಕು ಟನ್ ತೂಗುವ ಆನೆಗೆ ಜಿಗಿಯಲು ಬರುವುದಿಲ್ಲ. ಆನೆ ಕಂದಕ ಹುಟ್ಟಿದ್ದೇ ಈ ಕಾರಣಕ್ಕೆ: ಸುಮಾರು ಮೂರು ಮೀಟರ್ ಅಗಲ, ಹೆಚ್ಚುಕಡಿಮೆ ಅಷ್ಟೇ ಆಳ. ಆದರೆ ಬಂಡೆ ಸಿಕ್ಕಲ್ಲಿ ಅಗೆಯಲಾಗದು, ಹಳ್ಳ ಅಡ್ಡ ಬಂದಲ್ಲಿ ಕಂದಕ ನಿಲ್ಲಿಸಲೇಬೇಕು. ಮಳೆಗೆ ಅಂಚು ಕುಸಿದರಂತೂ ಆನೆಯೇ ಮಣ್ಣು ಒದ್ದು ದಾರಿ ಮಾಡಿಕೊಳ್ಳುತ್ತದೆ.

ರೈಲು ಕಂಬಿಯ ಬೇಲಿ ಗಟ್ಟಿ, ಆದರೆ ಬಾಗುವುದಿಲ್ಲ. 2018ರ ಡಿಸೆಂಬರಿನಲ್ಲಿ ನಾಗರಹೊಳೆಯಲ್ಲಿ ಅದನ್ನು ದಾಟಲು ಹೋದ ಸಲಗವೊಂದು ಸಿಕ್ಕಿಕೊಂಡು ಸತ್ತಿತು.

ಹೊಸೂರು ಅರಣ್ಯ ವಿಭಾಗದಲ್ಲಿ ಹಾಕಿರುವ ಉಕ್ಕಿನ ಹಗ್ಗದ ಬೇಲಿಯ ಉಪಾಯ ಬೇರೆ. ಬಟ್ಟೆ ಒಣಹಾಕುವ ಹಗ್ಗವನ್ನು ತೀರಾ ಬಿಗಿದು ಕಟ್ಟಿ ಒದ್ದೆ ಕಂಬಳಿ ಹಾಕಿದರೆ ಗೂಟವೇ ಕಿತ್ತುಬರುತ್ತದೆ. ಅಡ್ಡ ಬಿದ್ದ ಭಾರಕ್ಕಿಂತ ಹಲವು ಪಟ್ಟು ಎಳೆತ ಹಗ್ಗದ ತುದಿಗಳಿಗೆ ಹೋಗುವುದೇ ಕಾರಣ. ಹಗ್ಗ ಸ್ವಲ್ಪ ಬಾಗಿದರೆ ಆ ಎಳೆತ ತಗ್ಗುತ್ತದೆ. ಆನೆ ಎದೆಯೊಡ್ಡಿ ತಳ್ಳಿದಾಗಲೂ ಹೀಗೆಯೇ. ಆದ್ದರಿಂದ ಈ ಬೇಲಿಯ ಜೀವ ಇರುವುದು ತುದಿಗಂಬ, ಮೂಲೆಗಂಬಗಳಲ್ಲಿ. ಕಾಂಕ್ರೀಟಿಗೆ ಕಾಸು ಉಳಿಸಬಾರದ ಜಾಗ ಅದು. ದಕ್ಷಿಣ ಆಫ್ರಿಕಾದ ಆಡೋ ಉದ್ಯಾನದಲ್ಲಿ 1954ರಲ್ಲೇ ಲಿಫ್ಟಿನ ಹಗ್ಗ, ಟ್ರಾಮ್ ಕಂಬಿಗಳಿಂದ ಇಂಥ ಬೇಲಿ ಕಟ್ಟಿದ್ದರು.

ಸೋಲಾರ್ ಬೇಲಿ ತಡೆಯುವುದು ಬಲದಿಂದಲ್ಲ, ನೋವಿನಿಂದ. ಬ್ಯಾಟರಿಯ 12 ವೋಲ್ಟನ್ನು ಯಂತ್ರ ಸಾವಿರಾರು ವೋಲ್ಟಿಗೆ ಏರಿಸಿದರೂ ತಂತಿಗೆ ಬಿಡುವುದು ಸೆಕೆಂಡಿಗೊಮ್ಮೆ, ಅತ್ಯಲ್ಪ ಹೊತ್ತು ಮಾತ್ರ. ಝಟ್ಕಾ ಹೊಡೆಯುತ್ತದೆ, ಜೀವ ಹೋಗುವುದಿಲ್ಲ. ದಂತದಲ್ಲಿ ಕರೆಂಟು ಸರಿಯಾಗಿ ಹರಿಯದೆಂಬುದನ್ನು ಸಲಗಗಳು ಬೇಗ ಕಲಿಯುತ್ತವೆ. ದಂತದಿಂದಲೇ ತಂತಿ ಹರಿಯುತ್ತವೆ, ಮರ ಬೀಳಿಸಿ ಕಂಬ ಮುರಿಯುತ್ತವೆ. ಅದಕ್ಕೆ ಉತ್ತರವಾಗಿ ಬಂದದ್ದು ತೂಗುಬೇಲಿ. ಕಂಬವನ್ನು ಆನೆಗೆ ಎಟುಕದಷ್ಟು ಒಳಗೆ ನೆಟ್ಟು, ಮೇಲಿನಿಂದ ತಂತಿಗಳನ್ನು ಇಳಿಬಿಡುತ್ತಾರೆ. ತಳ್ಳಲು ಏನೂ ಸಿಗುವುದಿಲ್ಲ. ಹುಲ್ಲು, ಬಳ್ಳಿ ತಾಗಿದರೆ ಮಾತ್ರ ಝಟ್ಕಾ ನೆಲಕ್ಕೆ ಸೋರಿಹೋಗುತ್ತದೆ, ಆದ್ದರಿಂದ ತಂತಿಯ ಕೆಳಗೆ ಸವರುತ್ತಲೇ ಇರಬೇಕು.

ಮನೆಯ 230 ವೋಲ್ಟ್ ಲೈನನ್ನು ಬೇಲಿಗೆ ಎಳೆಯುವುದು ಅಪರಾಧ. ಆ ಕರೆಂಟು ಬಿಟ್ಟುಬಿಟ್ಟು ಬರುವುದಿಲ್ಲ, ಹಿಡಿದರೆ ಬಿಡುವುದಿಲ್ಲ. 2023ರ ಮಾರ್ಚಿನಲ್ಲಿ ಪಕ್ಕದ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿ ಬಳಿ ಇಂಥ ಬೇಲಿಗೆ ಮೂರು ಹೆಣ್ಣಾನೆಗಳು ಸತ್ತವು. ರಾತ್ರಿ ಹೊಲ ಕಾಯಲು ಹೋಗುವ ನಿಮ್ಮ ಮನೆಯವರ ಕೈಯೂ ಅದೇ ತಂತಿಗೆ ತಾಗಬಹುದು. ದಯವಿಟ್ಟು ಎಳೆಯಬೇಡಿ.