ಡಬ್ಬಿ ಬಿಚ್ಚಿದರೆ ಮೀನಿನ ವಾಸನೆ

ಹಳೆಯ ಕಾರು ಸಿಗ್ನಲ್‌ನಲ್ಲಿ ನಿಂತಾಗ ತಡವರಿಸುತ್ತದೆ. ಚೆಕ್ ಎಂಜಿನ್ ದೀಪ ಸುಮ್ಮಸುಮ್ಮನೆ ಹೊತ್ತಿ ಆರುತ್ತದೆ. ಪ್ಲಗ್ ಬದಲಾಯಿಸಿ, ಸೆನ್ಸರ್ ಬದಲಾಯಿಸಿ, ಪೆಟ್ರೋಲ್ ಪಂಪನ್ನೂ ಬದಲಾಯಿಸಿ ಸೋತ ಮೇಲೆ ಡ್ಯಾಶ್‌ಬೋರ್ಡಿನ ಹಿಂದಿರುವ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಡಬ್ಬಿಯ ಮೇಲೆ ಅನುಮಾನ ಬರುತ್ತದೆ. ಮುಚ್ಚಳ ತೆಗೆದಾಗ ಮೀನಿನಂಥ ವಾಸನೆ ಬಂದರೆ ಅರ್ಧ ಪತ್ತೆ ಮುಗಿದಂತೆ: ಕೆಪಾಸಿಟರ್ ಸೋರಿದೆ.

ಅಮೆರಿಕದ ಇಲಿನಾಯ್ ರಾಜ್ಯದ ನಾರ್ಮಲ್ ಎಂಬ ಊರಿನಲ್ಲಿ ತಯಾರಾಗುತ್ತಿದ್ದ ಮೊದಲ ತಲೆಮಾರಿನ ಮಿತ್ಸುಬಿಷಿ ಎಕ್ಲಿಪ್ಸ್ ಕಾರುಗಳು, ಅಂದರೆ 1990ರಿಂದ 1994ರ ಮಾದರಿಗಳು, ಈ ಕಾಯಿಲೆಗೆ ಹೆಸರುವಾಸಿ. ಆ ಕಾಲದ ಕೆಲವು ಕೆಪಾಸಿಟರ್‌ಗಳಲ್ಲಿ ಅಮೋನಿಯಂ ಜಾತಿಯ ಲವಣ ಬೆರೆಸಿದ ದ್ರವ ಬಳಸುತ್ತಿದ್ದರು. ಕೆಲಸಕ್ಕೆ ಬಹಳ ಒಳ್ಳೆಯ ದ್ರವ. ಆದರೆ ವರ್ಷಗಳು ಕಳೆದಂತೆ ಋಣ ಕಾಲಿನ ಬಳಿ ಕ್ಷಾರ ಹುಟ್ಟಿ ತಳದ ರಬ್ಬರ್ ಬಿರಡೆಯನ್ನೇ ತಿಂದುಹಾಕುತ್ತದೆ.

ಮನೆಯ ಮೇಲಿನ ಟ್ಯಾಂಕು ನಲ್ಲಿಗೆ ಮಾಡುವ ಉಪಕಾರವನ್ನೇ ಕೆಪಾಸಿಟರ್ ಇಸಿಯುಗೆ ಮಾಡುತ್ತದೆ. ಬ್ಯಾಟರಿ ಮತ್ತು ಆಲ್ಟರ್ನೇಟರ್‌ನಿಂದ ಬರುವ ವಿದ್ಯುತ್ತು ಏರಿಳಿದರೂ ಒಳಗಿನ ಚಿಪ್‌ಗಳಿಗೆ ಹದವಾಗಿಯೇ ತಲುಪುತ್ತದೆ. ದ್ರವ ಸೋರಿದರೆ ಆ ಹದ ತಪ್ಪುತ್ತದೆ. ಜೊತೆಗೆ, ಸೋರಿದ್ದು ಬೋರ್ಡಿನ ತಾಮ್ರದ ಗೆರೆಗಳನ್ನೂ ಕೊರೆಯುತ್ತದೆ.

ರಿಪೇರಿಯವರು ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಬೋರ್ಡಿನ ಫೋಟೊ ತೆಗೆದುಕೊಳ್ಳುತ್ತಾರೆ. ತೇವ ತಡೆಯಲು ಬಳಿದ ವಾರ್ನಿಷ್‌ನಂಥ ಲೇಪವನ್ನು ಕೆಪಾಸಿಟರ್ ಕಾಲುಗಳ ಸುತ್ತ ಕೆರೆದು ತೆಗೆಯುತ್ತಾರೆ. ಕೈಚಳಕ ಕಾಣುವುದು ಇನ್ನು ಮುಂದೆ. ದ್ರವ ತಗುಲಿದ ಬೆಸುಗೆ ಕಳೆಗುಂದಿ, ಎಷ್ಟು ಕಾಯಿಸಿದರೂ ಸಲೀಸಾಗಿ ಕರಗುವುದಿಲ್ಲ. ಹೊಸಬ ಶಾಖ ಏರಿಸುತ್ತಾ ಹೋಗುತ್ತಾನೆ. ಪಳಗಿದವನು ಫ್ಲಕ್ಸ್ ಹಚ್ಚಿ, ಅದೇ ಜಾಗಕ್ಕೆ ಹೊಸ ಬೆಸುಗೆ ಹಾಕುತ್ತಾನೆ! ಹೊಸದರ ಜೊತೆ ಹಳೆಯದೂ ಕರಗಿ ಹೊಳೆಯತೊಡಗಿದಾಗ ಎರಡನ್ನೂ ಒಟ್ಟಿಗೆ ಹೀರಿ ತೆಗೆಯುತ್ತಾನೆ. ಗ್ರೌಂಡ್‌ಗೆ ಸೇರಿದ ಕಾಲು ಇನ್ನೂ ಹಟಮಾರಿ. ಅಗಲವಾದ ತಾಮ್ರದ ಹಾಸು ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಅವಸರಪಟ್ಟು ಜಗ್ಗಿದರೆ ರಂಧ್ರದ ಒಳಗಿನ ತಾಮ್ರದ ಪದರವೇ ಕಿತ್ತು ಬರುತ್ತದೆ. ಕಾಲು ತಾನಾಗಿ ಅಲುಗಾಡುವವರೆಗೆ ಕಾಯಬೇಕು.

ಅನೇಕರು ಉದಾಸೀನ ಮಾಡುವುದು ಶುಚಿ ಮಾಡುವ ಕೆಲಸವನ್ನು. ನನ್ನ ಪ್ರಕಾರ ರಿಪೇರಿಯ ಆಯಸ್ಸು ನಿಂತಿರುವುದು ಇದರ ಮೇಲೆಯೇ. ದ್ರವ ಕ್ಷಾರೀಯವಾದ್ದರಿಂದ ಮೊದಲು ಹತ್ತಿಕಡ್ಡಿಯಲ್ಲಿ ಬಿಳಿ ವಿನೆಗರ್ ಸವರುತ್ತಾರೆ, ಆಮೇಲೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಉಜ್ಜುತ್ತಾರೆ. ಚೆನ್ನಾಗಿ ಒಣಗಿದ ಮೇಲೆ ಭೂತಗನ್ನಡಿ ಹಿಡಿದು, ಕಪ್ಪಾದ, ಹಸಿರಾದ ಗೆರೆಗಳನ್ನು ಒಂದೊಂದಾಗಿ ಮಲ್ಟಿಮೀಟರಿನಿಂದ ಪರೀಕ್ಷಿಸುತ್ತಾರೆ. ಬೀಪ್ ಬಾರದ ಕಡೆ ಗೆರೆ ತುಂಡಾಗಿದೆ ಎಂದರ್ಥ. ಅಲ್ಲಿ ಕೂದಲೆಳೆಯಂಥ ತಂತಿ ಬೆಸೆದು ದಾರಿ ಕೂಡಿಸುತ್ತಾರೆ.

ಹೊಸ ಕೆಪಾಸಿಟರ್‌ನ ಮೈಕ್ರೊಫ್ಯಾರಡ್ ಹಳೆಯದಷ್ಟೇ ಇರಬೇಕು, ವೋಲ್ಟ್ ಅಷ್ಟೇ ಅಥವಾ ಹೆಚ್ಚು, ಉಷ್ಣ ಸಹಿಷ್ಣುತೆ 105 ಡಿಗ್ರಿ. ಕಾವು 10 ಡಿಗ್ರಿ ಇಳಿದಂತೆಲ್ಲ ಇವುಗಳ ಆಯಸ್ಸು ಸುಮಾರು ಇಮ್ಮಡಿಯಾಗುತ್ತದೆ. 105 ಡಿಗ್ರಿಯಲ್ಲಿ 2000 ಗಂಟೆ ಬಾಳುವುದು 75ರಲ್ಲಿ ಸುಮಾರು 16,000 ಗಂಟೆ ಬಾಳೀತು. ಪಟ್ಟಿಯಿರುವ ಕಡೆ ಋಣ ಕಾಲು. ತಿರುಗುಮುರುಗಾದರೆ ಕೆಪಾಸಿಟರ್ ಸಿಡಿಯಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳುವವರು ನಿಚಿಕಾನ್, ರೂಬಿಕಾನ್‌ನಂಥ ನೆಚ್ಚಿನ ತಯಾರಕರ ಮಾಲನ್ನೇ ಕೇಳಿ ಪಡೆಯುವುದು ಒಳ್ಳೆಯದು. ಇಲ್ಲಿ ಚೌಕಾಸಿಗಿಂತ ಗುಣಮಟ್ಟ ಮುಖ್ಯ. ಕೊನೆಗೆ ಮತ್ತೆ ಲೇಪ ಬಳಿದು ಡಬ್ಬಿ ಮುಚ್ಚಿದರೆ ಆಯಿತು.

ನಿಮ್ಮ ಶೆಡ್ಡಿನಲ್ಲಿ ಆ ಕಾಲದ ಕಾರು ಇದ್ದರೆ, ಅದು ಚೆನ್ನಾಗಿ ಓಡುತ್ತಿದ್ದರೂ, ಒಮ್ಮೆ ಇಸಿಯು ಬಿಚ್ಚಿಸಿ ನೋಡಿ. ತಾಮ್ರ ಕೊರೆಯುವ ಮೊದಲೇ ಕಂಡುಬಂದರೆ ಇದು ಅಗ್ಗದ ರಿಪೇರಿ.