ಖಾನಾವಳಿಯ ಬೆಂಚು

ಒಂದು ಊರಿನ ಗುಣವನ್ನು ತಿಳಿಯಬೇಕಾದರೆ ಅದರ ಗುಡಿಯನ್ನು ನೋಡಬೇಕೆಂದು ಭಕ್ತರೂ, ಸಂತೆಯನ್ನು ನೋಡಬೇಕೆಂದು ವ್ಯಾಪಾರಿಗಳೂ ಹೇಳುವುದುಂಟು. ಎರಡೂ ಸುಳ್ಳಲ್ಲ. ಆದರೆ ಹೊತ್ತು ಮೀರಿ ಬಂದ ಅಪರಿಚಿತನನ್ನು ಆ ಊರು ಎಲ್ಲಿ ಕೂಡ್ರಿಸುತ್ತದೆ, ಏನು ಬಡಿಸುತ್ತದೆ, ಎಷ್ಟು ಹೊತ್ತು ಕುಳಿತಿರಲು ಬಿಡುತ್ತದೆ ಎಂಬುದರಲ್ಲಿ ಅದರ ಗುಣವು ಇನ್ನೂ ಸ್ಪಷ್ಟವಾಗಿ ತೋರುತ್ತದೆಂದು ನನ್ನ ಭಾವನೆ. ಆದುದರಿಂದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಕಾಗವಾಡ, ಅಥಣಿ ಈ ಐದು ತಾಲೂಕುಗಳಲ್ಲಿ ಯಾವ ಕೆಲಸದ ಮೇಲೆ ಹೋದರೂ ಅಲ್ಲಿಯ ಹಳೆಯ ಖಾನಾವಳಿಯನ್ನೋ ಚಹದ ಅಂಗಡಿಯನ್ನೋ ಹುಡುಕಿಕೊಂಡು ಹೋಗುವುದು ನನಗೆ ಕೆಲವು ವರ್ಷಗಳಿಂದ ರೂಢಿಯಾಗಿದೆ. ಉತ್ತರಪತ್ರಿಕೆಗಳಿಗೆ ಅಂಕ ಹಾಕುವುದೇ ವೃತ್ತಿಯಾದವನಿಗೆ ಇವಕ್ಕೂ ಅಂಕ ಹಾಕಬೇಕೆನಿಸಿದರೆ ಅದು ಸಹಜವೇ ಅಲ್ಲವೆ?

ಈ ಚಟದಲ್ಲಿ ಗುರುಸ್ಥಾನದಲ್ಲಿರುವವರು ಇಂಗ್ಲಿಷರು. ಅವರ ‘ಪಬ್’ ಎಂಬುದು ‘ಪಬ್ಲಿಕ್ ಹೌಸ್’ ಎಂಬುದರ ಮೊಟಕು ರೂಪ. ಎಂದರೆ ಸಾರ್ವಜನಿಕರ ಮನೆ. ಅಲ್ಲಿ ಕುಡಿಯುವುದು ಬಿಯರಾದರೂ, ಆ ಮನೆಯನ್ನು ಅವರು ಪ್ರೀತಿಸುವುದು ಬಿಯರಿಗಾಗಿ ಮಾತ್ರವಲ್ಲ. ಜಾರ್ಜ್ ಆರ್ವೆಲ್ಲನು ೧೯೪೬ರ ಫೆಬ್ರವರಿಯಲ್ಲಿ ಲಂಡನ್ನಿನ ‘ಈವನಿಂಗ್ ಸ್ಟ್ಯಾಂಡರ್ಡ್’ ಪತ್ರಿಕೆಯಲ್ಲಿ ‘ದಿ ಮೂನ್ ಅಂಡರ್ ವಾಟರ್’ ಎಂಬೊಂದು ಪಬ್ಬನ್ನು ವರ್ಣಿಸಿದನು. ಅಲ್ಲಿ ಮಾತಿಗೆ ಅಡ್ಡಬರುವ ರೇಡಿಯೋ ಇಲ್ಲ, ಪಿಯಾನೋ ಇಲ್ಲ. ಬಡಿಸುವ ಹೆಂಗಸರಿಗೆ ಬಹುಪಾಲು ಗಿರಾಕಿಗಳ ಹೆಸರು ಗೊತ್ತು. ಹಿಂಬದಿಗೆ ಮಕ್ಕಳೂ ಬಂದು ಆಡಬಹುದಾದ ತೋಟ. ಹೀಗೆ ಹತ್ತು ಗುಣಗಳನ್ನು ಹೇಳಿ, ಕೊನೆಗೆ ಅಂಥ ಪಬ್ಬು ಎಲ್ಲಿಯೂ ಇಲ್ಲವೆಂಬ ಗುಟ್ಟನ್ನು ಅವನೇ ಬಿಟ್ಟುಕೊಡುತ್ತಾನೆ. ತರುವಾಯ ೧೯೭೧ರಲ್ಲಿ, ಪೀಪಾಯಿಯಲ್ಲಿಯೇ ಪಕ್ವವಾಗುವ ಹಳೆಯ ಬಗೆಯ ಬಿಯರನ್ನು ಉಳಿಸಿಕೊಳ್ಳಲು ‘ಕಾಮ್ರಾ’ ಎಂಬ ಸಂಘ ಹುಟ್ಟಿತು. ಅದರ ಸದಸ್ಯರು ಊರೂರು ತಿರುಗಿ ಪಬ್ಬುಗಳನ್ನು ಪರೀಕ್ಷಿಸಿ, ಮೆಚ್ಚಿದವನ್ನು ತಮ್ಮ ಮಾರ್ಗದರ್ಶಿಯಲ್ಲಿ ಅಚ್ಚುಹಾಕಿಸುತ್ತಾರೆ.

ನಮ್ಮ ಭಾಗದಲ್ಲಿ ಇದಕ್ಕೆ ಸಮವಾದುದು ಯಾವುದು? ಸಾರಾಯಿ ಅಂಗಡಿಯಂತೂ ಅಲ್ಲ. ಬೆಳಗಾವಿ ಜಿಲ್ಲೆ ೧೯೫೬ರ ನವೆಂಬರ್ ೧ರವರೆಗೆ ಮುಂಬಯಿ ರಾಜ್ಯದಲ್ಲಿದ್ದಿತು. ೧೯೪೯ರ ಮುಂಬಯಿ ಪಾನನಿಷೇಧ ಕಾಯಿದೆ ಇಲ್ಲಿಗೂ ಅನ್ವಯಿಸಿತು. ಕಾಯಿದೆ ಬರುವ ಮೊದಲು ಕೂಡ ನಾಲ್ಕು ಜನ ಮರ್ಯಾದೆಯಿಂದ ಕುಳಿತು ಊರಿನ ಸುದ್ದಿ ಮಾತಾಡುವ ಸ್ಥಳವೆಂದು ಸಾರಾಯಿ ಅಂಗಡಿಯನ್ನು ಯಾರೂ ಎಣಿಸಿರಲಿಲ್ಲ. ಆ ಸ್ಥಾನವನ್ನು ತುಂಬಿದವು ಚಹದ ಅಂಗಡಿ ಮತ್ತು ಖಾನಾವಳಿ. ಖಾನಾವಳಿ ಎಂಬ ಶಬ್ದವೇ ಮರಾಠಿಯ ‘ಖಾಣಾವಳ’ದ ಬಳಗಕ್ಕೆ ಸೇರಿದ್ದು, ಗಡಿಭಾಗದ ಮನೆಗೆ ಗಡಿಭಾಗದ ಹೆಸರು.

ನನ್ನ ಅಳತೆಗೋಲುಗಳು ಸರಳವಾಗಿವೆ. ಮೊದಲನೆಯದು ಸಪ್ಪಳ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿದ್ದರೆ ಅರ್ಧ ಅಂಕ ಆಗಲೇ ಸಂದಿತು. ಬಡಿದಿಟ್ಟ ರೊಟ್ಟಿಯನ್ನು ಕಾಯಿಸಿ ಕೊಡುವ ಮನೆ ಬೇರೆ, ತವೆಯಿಂದ ತಾಟಿಗೆ ಹಾಕುವ ಮನೆ ಬೇರೆ. ಎರಡನೆಯದು ಕೇಳದೆ ಬರುವ ಪದಾರ್ಥಗಳು: ಶೇಂಗಾಚಟ್ನಿ, ಗುರೆಳ್ಳುಚಟ್ನಿ, ಸೀಳಿದ ಉಳ್ಳಾಗಡ್ಡಿ, ಒಂದಿಷ್ಟು ಮೊಸರು. ಇವಕ್ಕೆ ಬೆಲೆ ಹಚ್ಚಿದ ದಿನ ಖಾನಾವಳಿ ಹೋಗಿ ಹೋಟೆಲು ಆಗುತ್ತದೆ. ಮೂರನೆಯದು ಪುರಸತ್ತು. ಒಂದು ಕಪ್ಪು ಚಹ ಕುಡಿದವನು ಎಷ್ಟು ಹೊತ್ತು ಪತ್ರಿಕೆ ಓದಬಹುದು, ಯಜಮಾನನು ಗಲ್ಲೆಯ ಮೇಲಿಂದ ಕೆಮ್ಮುವುದು ಯಾವಾಗ? ನಾಲ್ಕನೆಯದನ್ನು ಮುಂದೆ ಹೇಳುವೆನು. ಅದು ಉಳಿದ ಮೂರನ್ನೂ ತೂಗುವ ತಕ್ಕಡಿ.

ನಿಪ್ಪಾಣಿಯಿಂದ ಆರಂಭಿಸೋಣ. ಪುಣೆ-ಬೆಂಗಳೂರು ಹೆದ್ದಾರಿಯ ಮಗ್ಗುಲಿನ ಈ ಊರಿಗೆ ತಂಬಾಕು ಹಣವನ್ನೂ ಹೆಸರನ್ನೂ ತಂದಿತು. ವಖಾರಿಗಳ ಸಮೀಪದ ಚಹದ ಅಂಗಡಿಗಳಲ್ಲಿ ತಂಬಾಕಿನ ಘಾಟು ಚಹದ ಆವಿಯೊಡನೆ ಬೆರೆತೇ ಬರುತ್ತದೆ. ಇಲ್ಲಿ ಮಿಸಳದ ರಾಜ್ಯ: ಮೊಳಕೆ ಬಂದ ಮಡಕಿಕಾಳಿನ ಉಸಳ, ಮೇಲೆ ಫರಸಾಣ, ಹಸಿ ಉಳ್ಳಾಗಡ್ಡಿ, ಎಣ್ಣೆ ತೇಲುವ ಕೆಂಪು ಕಟ. ನಾನು ಹೋಗುವ ಅಂಗಡಿಯಲ್ಲಿ ಕಟ ಮುಗಿದರೆ ಕೇಳದೆಯೇ ಮತ್ತೆ ಸುರಿಯುತ್ತಾರೆ. ಯಜಮಾನನು ಒಬ್ಬನಿಗೆ “ಬರ್ರಿ, ಕೂಡ್ರಿ” ಎಂದರೆ ಮರುಕ್ಷಣ ಇನ್ನೊಬ್ಬನಿಗೆ “ಯಾ, ಬಸಾ” ಎನ್ನುತ್ತಾನೆ. ಯಾರಿಗೆ ಯಾವುದನ್ನು ಹೇಳಬೇಕೆಂಬುದರಲ್ಲಿ ಅವನು ಎಂದೂ ತಪ್ಪಿದ್ದನ್ನು ಕಾಣೆ. ೧೯೬೭ರ ಮಹಾಜನ ಆಯೋಗದ ವರದಿಯು ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದು ಹೇಳಿತು, ಊರು ಕರ್ನಾಟಕದಲ್ಲಿಯೇ ಉಳಿಯಿತು, ವಾದವೂ ಉಳಿಯಿತು. ಆ ವಾದವನ್ನು ಈ ಬೆಂಚಿನ ಮೇಲೆ ಎರಡೂ ಭಾಷೆಗಳಲ್ಲಿ ಕೇಳಿದ್ದೇನೆ. ಚಹ ಆರುವುದರೊಳಗೆ ಅದು ತಂಬಾಕಿನ ದರಕ್ಕೆ ಹೊರಳುತ್ತದೆ. ದರದ ಮಾತು ಬಂದಿತೆಂದರೆ ಹಿರಿಯರು ೧೯೮೧ನ್ನು ನೆನೆಯುತ್ತಾರೆ. ನ್ಯಾಯವಾದ ಬೆಲೆ ಬೇಕೆಂದು ಶರದ ಜೋಶಿಯವರ ನೇತೃತ್ವದಲ್ಲಿ ಬೆಳೆಗಾರರು ಆ ವರ್ಷ ಹೆದ್ದಾರಿಯ ಮೇಲೆ ಕುಳಿತಿದ್ದರು; ಏಪ್ರಿಲ್ ತಿಂಗಳಲ್ಲಿ ಪೊಲೀಸರ ಗುಂಡಿಗೆ ರೈತರು ಬಲಿಯಾದರು. ಆ ಹೋರಾಟದಲ್ಲಿ ಕನ್ನಡದ ರೈತ, ಮರಾಠಿಯ ರೈತ ಎಂಬ ಭೇದವಿರಲಿಲ್ಲ ಎಂದು ಅವರು ತಪ್ಪದೆ ಸೇರಿಸುತ್ತಾರೆ. ಪುರಸತ್ತಿನ ಅಳತೆಯಲ್ಲಿ ನಿಪ್ಪಾಣಿಗೆ ಪೂರ್ಣಾಂಕ.

ಚಿಕ್ಕೋಡಿ ಕಚೇರಿಗಳ ಊರು, ಕೋರ್ಟಿನ ಊರು. ಇಲ್ಲಿಯ ಖಾನಾವಳಿಗೆ ಕಳೆ ಬರುವುದು ಮಧ್ಯಾಹ್ನ, ತಾರೀಖಿಗೆ ಬಂದವರು ಕೈಚೀಲದಲ್ಲಿ ಕಾಗದಪತ್ರಗಳ ಕಟ್ಟು ಹಿಡಿದು ಒಳಗೆ ಬಂದಾಗ. ಒಮ್ಮೆ ನನ್ನೆದುರಿಗೆ ಇಬ್ಬರು ಉಣ್ಣುತ್ತಿದ್ದರು. ಮಾತಿನಿಂದ ತಿಳಿಯಿತು, ಅಣ್ಣತಮ್ಮಂದಿರು; ಹೊಲದ ಹಿಸೆಯ ಖಟ್ಲೆ; ಅಣ್ಣ ವಾದಿ, ತಮ್ಮ ಪ್ರತಿವಾದಿ. ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಬಂದು, ಸಂಜೆ ಒಂದೇ ಬಸ್ಸಿಗೆ ಮರಳುವವರು. “ಇನ್ನೊಂದ್ ರೊಟ್ಟಿ ತಗೋ ತಮ್ಮಾ, ಊರ್ ಮುಟ್ಟೂದು ರಾತ್ರಿ ಆಗತೈತಿ” ಎಂದು ವಾದಿಯು ಹೇಳಿದನು. ಪ್ರತಿವಾದಿಯು ಮಾತಾಡದೆ ತಾಟು ಮುಂದೆ ಸರಿಸಿದನು. ಕೋರ್ಟು ಮಾಡಲಾಗದ ರಾಜಿಯನ್ನು ಬದನೆಕಾಯಿ ಎಣ್ಣೆಗಾಯಿ ಮಾಡಿತೆಂದು ನಾನು ಹೇಳಲಾರೆ. ಖಟ್ಲೆ ನಡೆದೇ ಇರಬಹುದು. ಆದರೆ ಜಗಳವಾಡುವವರೂ ಕೂಡಿ ಉಣ್ಣಬಹುದಾದ ಒಂದು ಸ್ಥಳ ಊರಿನಲ್ಲಿರಬೇಕು. ಚಿಕ್ಕೋಡಿಯಲ್ಲಿ ಅದು ಇದೆ. ರೊಟ್ಟಿಯ ಅಂಕವೂ ಅಲ್ಲಿಗೇ ಹೆಚ್ಚು.

ರಾಯಬಾಗಕ್ಕೆ ಬಂದರೆ ನಾಲ್ಕನೆಯ ಅಳತೆಗೋಲನ್ನು ಹೊರತೆಗೆಯಬೇಕಾಗುತ್ತದೆ. ಈ ಊರು ೧೯೪೯ರಲ್ಲಿ ಮುಂಬಯಿ ರಾಜ್ಯಕ್ಕೆ ಸೇರುವವರೆಗೆ ಕೊಲ್ಹಾಪುರ ಸಂಸ್ಥಾನದ್ದಾಗಿತ್ತು. ಆ ಸಂಸ್ಥಾನದ ಶಾಹೂ ಮಹಾರಾಜರ (೧೮೭೪–೧೯೨೨) ಪ್ರಸಂಗವೊಂದು ಚಹದ ಅಂಗಡಿಗಳ ಇತಿಹಾಸದಲ್ಲಿ ಮೊದಲ ಪುಟಕ್ಕೆ ಬರತಕ್ಕದ್ದು. ಅರಮನೆಯ ಚಾಕರಿಯಲ್ಲಿದ್ದ ಗಂಗಾರಾಮ ಕಾಂಬಳೆ ಎಂಬವರು ನೀರು ಮುಟ್ಟಿದರೆಂದು ಮೇಲುಜಾತಿಯ ಚಾಕರರು ಅವರನ್ನು ಹೊಡೆದರು. ಮಹಾರಾಜರು ಹೊಡೆದವರನ್ನು ಶಿಕ್ಷಿಸಿದರು. ಗಂಗಾರಾಮರಿಗೆ ಹಣ ಕೊಟ್ಟು ಕೊಲ್ಹಾಪುರದಲ್ಲಿ ಚಹದ ಅಂಗಡಿಯನ್ನು ಹಾಕಿಸಿದರು. ‘ಅಸ್ಪೃಶ್ಯ’ರ ಅಂಗಡಿಗೆ ಗಿರಾಕಿ ಯಾರು? ಮಹಾರಾಜರು ತಾವೇ ಗಾಡಿ ನಿಲ್ಲಿಸಿ ಅಲ್ಲಿಯ ಚಹ ಕುಡಿದರು. ಜೊತೆಯ ಸರದಾರರಿಗೂ ಕುಡಿಸಿದರು. ಅಂಗಡಿಯ ಯೋಗ್ಯತೆ ಅಲ್ಲಿಯ ಸಕ್ಕರೆಯಲ್ಲಿಲ್ಲ, ಯಾರ ಕೈಯಿಂದ ಯಾರು ಇಸಿದುಕೊಳ್ಳುತ್ತಾರೆ ಎಂಬುದರಲ್ಲಿದೆ ಎಂಬುದನ್ನು ಆ ದೊರೆ ನಡುಬೀದಿಯಲ್ಲಿ ತೋರಿಸಿಕೊಟ್ಟರು. ೧೯೨೫ರಲ್ಲಿ ಡಾ. ಅಂಬೇಡ್ಕರರು ದಲಿತರ ಪರಿಷತ್ತಿಗಾಗಿ ನಿಪ್ಪಾಣಿಗೆ ಬಂದದ್ದು ಇದೇ ದಾರಿಯ ಮುಂದಿನ ಹೆಜ್ಜೆ.

ಇದೇ ನನ್ನ ನಾಲ್ಕನೆಯ ಅಳತೆ: ಈ ಬೆಂಚಿನ ಮೇಲೆ ಯಾರು ಕೂಡ್ರಬಹುದು?

ಹಳೆಯ ಖಾನಾವಳಿಗಳನ್ನು ಹೊಗಳುವವರು ಈ ಪ್ರಶ್ನೆಯನ್ನು ದಾಟಿಹೋಗುವುದೇ ಹೆಚ್ಚು. ನಮ್ಮಲ್ಲಿ ಫಲಕದ ಮೇಲೆಯೇ ಜಾತಿಯ ಹೆಸರಿತ್ತು. ಕೆಲವೆಡೆ ಇನ್ನೂ ಇದೆ. ಅದು ಅಡಿಗೆಯ ಪದ್ಧತಿಯನ್ನಷ್ಟೇ ಸೂಚಿಸುತ್ತದೆಂದು ಇಂದು ಹೇಳಬಹುದು, ಬಹಳ ಕಡೆ ಅದು ನಿಜವೂ ಹೌದು. ಆದರೆ ಹಿಂದೆ ಅದು ಒಳಗೆ ಬರುವವರಿಗೆ ಕರೆಯೂ, ಬರಲಾಗದವರಿಗೆ ಎಚ್ಚರಿಕೆಯೂ ಆಗಿತ್ತು. ಚಹದ ಅಂಗಡಿಯ ಸೂರಿನ ಸಂದಿಯಲ್ಲಿ ಕೆಲವರಿಗಾಗಿ ಬೇರೆ ಕಪ್ಪುಗಳು; ಕುಡಿದು, ತಾವೇ ತೊಳೆದು, ಅಲ್ಲಿಯೇ ಇಡಬೇಕು. ದಾಸೋಹದ ಹಿರಿಮೆಯನ್ನು, ಪಂಕ್ತಿಭೇದವಿಲ್ಲದ ಊಟದ ಆದರ್ಶವನ್ನು ತರಗತಿಯಲ್ಲಿ ವಿವರಿಸುವ ನನ್ನಂಥವನಿಗೆ ಈ ಕಪ್ಪುಗಳು ಕಣ್ಣಿಗೆ ಚುಚ್ಚುತ್ತವೆ. ೧೯೫೦ರ ಸಂವಿಧಾನವು ಅಂಗಡಿ, ಉಪಾಹಾರಗೃಹಗಳ ಬಾಗಿಲನ್ನು ಎಲ್ಲರಿಗೂ ತೆರೆಯಿತು; ೧೯೫೫ರ ಕಾಯಿದೆ ಅಡ್ಡಿಪಡಿಸುವವರಿಗೆ ಶಿಕ್ಷೆಯನ್ನು ವಿಧಿಸಿತು. ಬಾಗಿಲು ತೆರೆದ ಮೇಲೂ ಬೆಂಚಿನವರೆಗಿನ ನಾಲ್ಕು ಹೆಜ್ಜೆಗೆ ಎಷ್ಟೋ ವರ್ಷಗಳು ಹಿಡಿದವು.

ಇಂಗ್ಲಿಷರ ಪಬ್ಬೂ ಹೆಸರಿನಷ್ಟು ಸಾರ್ವಜನಿಕವಾಗಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಕೂಲಿಯವರಿಗೆ ‘ಪಬ್ಲಿಕ್ ಬಾರ್’, ಕೋಟು ತೊಟ್ಟವರಿಗೆ ಮೆತ್ತೆಯ ಆಸನದ ‘ಸಲೂನ್ ಬಾರ್’. ನಡುವೆ ಗೋಡೆ, ದರದಲ್ಲಿಯೂ ಅಂತರ. ಲಂಡನ್ನಿನ ಫ್ಲೀಟ್ ಸ್ಟ್ರೀಟಿನ ‘ಎಲ್ ವಿನೋ’ ಎಂಬ ಪಾನಗೃಹದಲ್ಲಿ ಗಂಡಸರೊಡನೆ ಕಟ್ಟೆಯ ಬಳಿ ನಿಂತು ಕುಡಿಯುವ ಹಕ್ಕನ್ನು ಹೆಂಗಸರು ಪಡೆದದ್ದು ೧೯೮೨ರಲ್ಲಿ, ಅದೂ ನ್ಯಾಯಾಲಯದ ತೀರ್ಪಿನಿಂದ. ಸಂಪ್ರದಾಯವೆಂಬುದು ಎಲ್ಲ ಕಡೆಯೂ ಒಂದು ಕೈಯಿಂದ ಬಡಿಸುತ್ತ, ಇನ್ನೊಂದು ಕೈಯಿಂದ ದೂರ ಸರಿಸುತ್ತ ಬಂದಿದೆ.

ರಾಯಬಾಗದಿಂದ ಕುಡಚಿಗೆ ಬಂದು ಕೃಷ್ಣೆಯ ಸೇತುವೆ ದಾಟಿದರೆ ಉಗಾರ; ಅಲ್ಲಿಂದ ಮುಂದೆ ಕಾಗವಾಡ. ಈ ತಾಲೂಕು ಕಾರ್ಯಾರಂಭ ಮಾಡಿದ್ದು ೨೦೧೮ರಲ್ಲಿ. ಇಲ್ಲಿಯ ಕಬ್ಬು ಮಾತ್ರ ಬಹಳ ಹಳೆಯದು. ಹಂಗಾಮಿನಲ್ಲಿ ಕಬ್ಬು ಕಡಿಯುವ ತಂಡಗಳು ಹೆಂಡತಿ ಮಕ್ಕಳೊಡನೆ ದೂರದ ಊರುಗಳಿಂದ ಬಂದು ಗುಡಿಸಲು ಹಾಕುತ್ತವೆ. ನಸುಕಿನಲ್ಲಿ ರಸ್ತೆಬದಿಯ ಚಹದ ಅಂಗಡಿಗೆ ಮೊದಲು ಬರುವವರು ಅವರೇ. ನಾನು ಅಲ್ಲಿ ಕಂಡ ಒಂದು ಸಂಗತಿ ಮನಸ್ಸಿನಲ್ಲಿ ನಿಂತಿದೆ: ಗಂಡಸರು ಬೆಂಚಿನ ಮೇಲೆ, ಹೆಂಗಸರು ನೆಲದ ಮೇಲೆ. ಯಾರೂ ಅವರಿಗೆ ಹಾಗೆ ಹೇಳಿರಲಿಲ್ಲ. ಖಾನಾವಳಿಯ ಒಳಮನೆಯಲ್ಲಿ ರೊಟ್ಟಿ ಬಡಿಯುವವಳು ಹೆಂಗಸು, ನಿಪ್ಪಾಣಿಯಲ್ಲಿ ದಿನವಿಡೀ ಬೀಡಿ ಕಟ್ಟುವವಳು ಹೆಂಗಸು. ಬೆಂಚಿನ ಮೇಲೆ ಒಬ್ಬಳೇ ಕುಳಿತು ನಿಶ್ಚಿಂತೆಯಿಂದ ಚಹ ಕುಡಿಯುವ ಹೆಂಗಸನ್ನು ನಾನು ಐದೂ ಊರುಗಳಲ್ಲಿ ಬೆರಳೆಣಿಕೆಯಷ್ಟು ಸಲ ಮಾತ್ರ ಕಂಡಿದ್ದೇನೆ. ಪರದೆ ಕಟ್ಟಿದ ‘ಫ್ಯಾಮಿಲಿ ರೂಮು’ ಈ ಪ್ರಶ್ನೆಗೆ ಉತ್ತರವಲ್ಲ. ಅದು ಸಲೂನ್ ಬಾರಿನ ತಮ್ಮ.

ಕೊನೆಯದು ಅಥಣಿ. ಕೊಲ್ಹಾಪುರಿ ಎಂಬ ಹೆಸರಿನಿಂದ ಜಗತ್ತು ಮೆಟ್ಟುವ ಚಪ್ಪಲಿಗಳಲ್ಲಿ ಎಷ್ಟೋ ಹುಟ್ಟುವುದು ಈ ತಾಲೂಕಿನ ಚರ್ಮಕಾರರ ಮನೆಗಳಲ್ಲಿ. ೨೦೧೯ರಲ್ಲಿ ಆ ಚಪ್ಪಲಿಗೆ ದೊರೆತ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಸಲ್ಲುತ್ತದೆ. ಒಂದು ಕಾಲದಲ್ಲಿ ಖಾನಾವಳಿಯ ಹೊಸ್ತಿಲ ಹೊರಗೆ ಸಾಲಾಗಿ ಬಿಟ್ಟಿರುತ್ತಿದ್ದ ಚಪ್ಪಲಿಗಳನ್ನು ಹೊಲಿದವನು ಆ ಚಪ್ಪಲಿಗಳ ಬಳಿಯೇ ನಿಲ್ಲಬೇಕಾಗಿತ್ತು. ನಾನು ಅಲ್ಲಿ ಮೆಚ್ಚಿದ ಅಂಗಡಿ ತೀರ ಸಣ್ಣದು. ನಾಲ್ಕು ಬೆಂಚು, ಒಂದು ಸ್ಟೋವು, ‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕ. ಮಧ್ಯಾಹ್ನದ ಹೊತ್ತಿಗೆ ಚರ್ಮದ ಕೆಲಸ ಮಾಡುವ ಮುದುಕರೊಬ್ಬರು ಬಂದರು. ಗಲ್ಲೆಯ ಮೇಲಿನ ಹುಡುಗನು “ಬರ್ರಿ ಅಜ್ಜಾರ” ಎಂದು ಕರೆದು, ನಡುವಿನ ಬೆಂಚಿನ ಮೇಲೆ ಜಾಗ ಮಾಡಿಸಿ, ಉಳಿದವರಿಗೆ ಕೊಟ್ಟಂಥದೇ ಕಪ್ಪು-ಬಸಿಯಲ್ಲಿ ಚಹ ಕೊಟ್ಟನು. ಅಜ್ಜ ಬಸಿಗೆ ಸುರುವಿಕೊಂಡು, ಊದಿ, ಸಪ್ಪಳಮಾಡುತ್ತ ಕುಡಿದರು. ಯಾರೂ ತಲೆಯೆತ್ತಿ ನೋಡಲಿಲ್ಲ. ಹಾಗೆ ನೋಡದಿರುವುದಕ್ಕೇ ನಾನು ಅಂಕ ಕೊಟ್ಟೆನು.

ಈಗ ಊರೂರಿಗೂ ಕಾಗದದ ಕಪ್ಪು ಬಂದಿದೆ. ಅದರಿಂದ ಚಹದ ರುಚಿ ಕೆಟ್ಟಿತು, ಬಸಿಯ ಸುಖ ಹೋಯಿತು ಎಂದು ನನ್ನ ಓರಗೆಯವರು ಹಳಹಳಿಸುತ್ತಾರೆ. ಆ ಹಳಹಳಿಯಲ್ಲಿ ನನಗೂ ಪಾಲುಂಟು. ಆದರೆ ಬಿಸಾಡುವ ಕಪ್ಪಿಗೆ ಜಾತಿಯಿಲ್ಲ. ಸೂರಿನ ಸಂದಿಯ ಬೇರೆ ಕಪ್ಪಿಗೆ ಅದು ಕೆಲಸವನ್ನೇ ಉಳಿಸಲಿಲ್ಲ. ಬಸಿ ಉಳಿಯಬೇಕೆನ್ನುವವರು ಅದು ಎಲ್ಲರ ಕೈಗೂ ಬರಬೇಕೆಂದು ಅದೇ ಉಸಿರಿನಲ್ಲಿ ಹೇಳಬೇಕಾಗುತ್ತದೆ.

ಒಟ್ಟು ಅಂಕಗಳನ್ನು ಕೂಡಿಸಿದರೆ, ರೊಟ್ಟಿಗೆ ಚಿಕ್ಕೋಡಿ, ಮಾತಿಗೆ ನಿಪ್ಪಾಣಿ, ಬೆಂಚಿಗೆ ಅಥಣಿಯ ಆ ಸಣ್ಣ ಅಂಗಡಿ. ರಾಯಬಾಗಕ್ಕೆ ಅದರ ಹಳೆಯ ದೊರೆಯ ಪುಣ್ಯದ ನಾಲ್ಕು ಅಂಕಗಳನ್ನು ಸೇರಿಸಿದ್ದೇನೆ. ಕಾಗವಾಡದ ನಸುಕಿನ ಚಹಕ್ಕೆ ಬೆಂಚಿನ ಅಂಕವನ್ನು ಬಾಕಿ ಇಟ್ಟಿದ್ದೇನೆ. ಆರ್ವೆಲ್ಲನ ಪಬ್ಬಿನಂತೆ ಎಲ್ಲ ಗುಣಗಳೂ ಕೂಡಿದ ಖಾನಾವಳಿ ನಮ್ಮಲ್ಲಿಯೂ ಇಲ್ಲ. ಆದರೆ ಅವನು ಬಯಸಿದ ತೋಟ, ಶಾಂತತೆಗಳು ಸಿಗುವುದು ದುರ್ಲಭ. ನಮಗೆ ಬೇಕಾದದ್ದು ಬೆಂಚಿನ ಮೇಲೆ ಒಂದು ಗೇಣು ಸರಿದು ಕೂಡ್ರುವವರು. ವಾಚಕರು ಈ ಕಡೆಗೆ ಬಂದರೆ ರೊಟ್ಟಿಯನ್ನೂ ಕಟವನ್ನೂ ಧಾರಾಳವಾಗಿ ಸವಿಯಲಿ. ಜೊತೆಗೆ, ತಮ್ಮ ಪಕ್ಕದಲ್ಲಿ ಕುಳಿತವರು ಯಾರು, ಹೊರಗೆ ನಿಂತು ಚಹ ಕುಡಿಯುತ್ತಿರುವವರು ಯಾರು ಎಂಬುದನ್ನೂ ಒಂದಿಷ್ಟು ನೋಡಲಿ.